ವಿದ್ಯುತ್ ಗಿಟಾರಿನ ಸ್ವಿಚ್ಚು: ದೋಷನಿರ್ಣಯ ಮತ್ತು ದುರಸ್ತಿ

ಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯಲ್ಲಿ ವಿದ್ಯುತ್ ಗಿಟಾರಿನ ಸ್ವಿಚ್ಚನ್ನು ಕುರಿತ ಲೇಖನವೇ ಎಂದು ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸುವುದು ಸಹಜ. ಹಾರ್ಮೋನಿಯಂ, ತಬಲಾ, ಏಕತಾರಿಗಳೊಡನೆ ವಚನಗಾಯನ ನಡೆಯುವ ಪ್ರಾಂಗಣದಲ್ಲಿ ಈ ಪರದೇಶದ ವಾದ್ಯಕ್ಕೆ ಏನು ಕೆಲಸವೆಂಬ ಪ್ರಶ್ನೆಯೂ ಏಳಬಹುದು. ಆದರೆ ವಸ್ತುಸ್ಥಿತಿ ಬೇರೆಯಾಗಿದೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಮನೆಗಳಲ್ಲಿ ಗಿಟಾರು ಇಂದು ಅಪರೂಪದ ವಸ್ತುವಾಗಿ ಉಳಿದಿಲ್ಲ. ಮಕ್ಕಳು ಓದು ಮುಗಿಸಿ ಪರಸ್ಥಳಗಳಿಗೆ ತೆರಳಿದ ಮೇಲೆ ಆ ವಾದ್ಯಗಳು ಅಟ್ಟ ಸೇರುತ್ತವೆ. ಮನೆ ಬದಲಾಯಿಸುವ ಸಂದರ್ಭದಲ್ಲಿ ಅಟ್ಟದಿಂದ ಇಳಿಯುತ್ತವೆ. ಹಳೆಯ ವಿದ್ಯಾರ್ಥಿಗಳ ಅಭಿಮಾನದ ಫಲವಾಗಿ ಅವುಗಳಲ್ಲಿ ಕೆಲವು ಶಾಲೆಗಳ ಸಂಗೀತ ಕೊಠಡಿಗೆ ದಾನರೂಪದಲ್ಲಿ ಬರುತ್ತವೆ.

ಹೀಗೆ ಬಂದ ವಾದ್ಯಗಳ ಗತಿ ಏನಾಗುತ್ತದೆಂಬುದನ್ನು ಶಿಕ್ಷಕರಾದವರು ಬಲ್ಲರು. ಧ್ವನಿವರ್ಧಕಕ್ಕೆ ಜೋಡಿಸಿ ತಂತಿ ಮೀಟಿದಾಗ ಒಮ್ಮೆ ನಾದ ಹೊರಡುತ್ತದೆ, ಇನ್ನೊಮ್ಮೆ ಹೊರಡುವುದಿಲ್ಲ. ಸ್ವಿಚ್ಚನ್ನು ಅತ್ತಿತ್ತ ಸರಿಸಿದರೆ ಹುರಿಗಡಲೆ ಹುರಿದಂಥ ಸದ್ದು. ಸಭೆಯ ದಿನ ಹತ್ತಿರವಿದ್ದಾಗ ಇದನ್ನು ಪರೀಕ್ಷಿಸುವ ವ್ಯವಧಾನ ಯಾರಿಗೂ ಇರುವುದಿಲ್ಲ. ವಾದ್ಯ ಮತ್ತೆ ಚೀಲ ಸೇರುತ್ತದೆ, ಚೀಲ ಬೀರು ಸೇರುತ್ತದೆ, ವರ್ಷಾಂತ್ಯದ ದಾಸ್ತಾನು ತಪಾಸಣೆಯಲ್ಲಿ ಅದರ ಹೆಸರು ನಿರುಪಯುಕ್ತ ವಸ್ತುಗಳ ಪಟ್ಟಿಯನ್ನು ಸೇರುತ್ತದೆ. ಕೊಟ್ಟವರು ಎಂದಾದರೊಮ್ಮೆ ಬಂದು ವಿಚಾರಿಸಿದರೆ ಉತ್ತರಿಸುವುದು ಕಷ್ಟ. ಸ್ವಂತಕ್ಕೆ ವಾದ್ಯ ಕೊಳ್ಳಲಾರದ ವಿದ್ಯಾರ್ಥಿನಿಲಯದ ಹುಡುಗನಿಗಂತೂ ಆಗುವ ನಷ್ಟ ಲೆಕ್ಕಪುಸ್ತಕದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಇಂಥ ಬಹುಪಾಲು ಪ್ರಸಂಗಗಳಲ್ಲಿ ವಾದ್ಯ ಸತ್ತಿರುವುದಿಲ್ಲ, ಅದರೊಳಗಿನ ಉಗುರಗಲದ ಲೋಹದ ತುಣುಕೊಂದು ಮಾಸಿರುತ್ತದೆ, ಅಷ್ಟೆ. ಅದನ್ನು ಕಂಡುಹಿಡಿಯುವ ಮತ್ತು ಸರಿಪಡಿಸುವ ಕ್ರಮವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇದು ಸಂಗೀತ ಶಿಕ್ಷಕರ ಕೆಲಸವಲ್ಲ, ಅಂಗಡಿಯವರ ಕೆಲಸವೆಂಬ ಆಕ್ಷೇಪವನ್ನು ನಾನು ಕೇಳಿದ್ದೇನೆ. ಜಯನಗರದ ಅಂಗಡಿಯೊಂದರಲ್ಲಿ ಇಂಥದೇ ಒಂದು ವಾದ್ಯವನ್ನು ತೋರಿಸಿದಾಗ ಒಳಗಿನ ವೈರುಗಳನ್ನೆಲ್ಲ ಬದಲಿಸಬೇಕೆಂದೂ, ಅದಕ್ಕಿಂತ ಹೊಸದನ್ನು ಕೊಳ್ಳುವುದೇ ಲೇಸೆಂದೂ ಉತ್ತರ ದೊರೆಯಿತು. ಆ ವಾದ್ಯಕ್ಕೆ ಬೇಕಾಗಿದ್ದುದು ಒಂದು ಚೂರು ಕಾಗದ ಮತ್ತು ನಾಲ್ಕು ಹನಿ ಮದ್ಯಸಾರ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ ಎಂದು ಕಸುಬಿನೊಡನೆಯೇ ಶರಣರ ಹೆಸರನ್ನು ಹೇಳಿಕೊಂಡು ಬಂದ ಪರಂಪರೆಯವರು ಬೆಸುಗೆಯ ಕಡ್ಡಿ ಹಿಡಿಯಲು ಸಂಕೋಚಪಡಬೇಕಾದ ಕಾರಣ ನನಗಂತೂ ತೋರುವುದಿಲ್ಲ.

ಕನ್ನಡಿಗರ ಕಿವಿಗೆ ಈ ವಾದ್ಯದ ನಾದ ಹೊಸದೇನೂ ಅಲ್ಲ. ಚಲನಚಿತ್ರ ಸಂಗೀತದ ಮೂಲಕ ಅದು ದಶಕಗಳ ಹಿಂದೆಯೇ ನಮ್ಮ ಮನೆಗಳನ್ನು ಹೊಕ್ಕಿತು. ಜಿ.ಕೆ. ವೆಂಕಟೇಶ್ ಅವರ ಸಂಗೀತ ನಿರ್ದೇಶನದ, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ಡಾ. ರಾಜಕುಮಾರ್ ಅವರು ಪಾಶ್ಚಾತ್ಯ ಧಾಟಿಯ ಇಂಗ್ಲಿಷ್ ಗೀತೆಯೊಂದನ್ನೇ ಹಾಡಿದುದು ಅನೇಕರಿಗೆ ನೆನಪಿರಬಹುದು. ಆ ವೆಂಕಟೇಶರ ಬಳಿ ಸಹಾಯಕರಾಗಿ ದುಡಿದು ಮುಂದೆ ಪ್ರಸಿದ್ಧರಾದ ಇಳಯರಾಜ ಅವರು ಮೊದಲಲ್ಲಿ ಗಿಟಾರ್ ವಾದಕರಾಗಿದ್ದವರು. ತೀರ ಈಚಿನ ಮಾತೆಂದರೆ, 2008ರಲ್ಲಿ ಹೊರಬಂದ ರಘು ದೀಕ್ಷಿತ್ ಅವರ ಧ್ವನಿಮುದ್ರಿಕೆಯಲ್ಲಿ ಶಿಶುನಾಳ ಷರೀಫರ ತತ್ತ್ವಪದಗಳು ಗಿಟಾರಿನ ಹಿನ್ನೆಲೆಯಲ್ಲಿ ಕೇಳಿಬಂದವು. ಜೆ.ಪಿ. ನಗರದ 7ನೆಯ ಹಂತದಲ್ಲಿ 2019ರಲ್ಲಿ ಉದ್ಘಾಟನೆಗೊಂಡ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ವಸ್ತುಸಂಗ್ರಹಾಲಯವನ್ನು ನೋಡಿಬಂದ ವಿದ್ಯಾರ್ಥಿಗಳಿಗೆ ನಮ್ಮ ದೇಶದ ಸಂಗೀತದಲ್ಲಿ ಎಷ್ಟು ಬಗೆಯ ವಾದ್ಯಗಳು ಬೆರೆತಿವೆಯೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ. ಆದಕಾರಣ ವಾದ್ಯದ ಅರ್ಹತೆಯ ಚರ್ಚೆಯನ್ನು ಇಲ್ಲಿಗೇ ಬಿಟ್ಟು ಅದರ ಒಳಗಿಗೆ ಪ್ರವೇಶಿಸೋಣ.

ಸಾಮಾನ್ಯ ಗಿಟಾರಿನಲ್ಲಿ ತಂತಿಯ ಕಂಪನವನ್ನು ಮರದ ಪೊಳ್ಳು ಪೆಟ್ಟಿಗೆ ಹಿಗ್ಗಿಸಿ ಕೇಳಿಸುತ್ತದೆ, ವೀಣೆಯ ಕೊಡದಂತೆ. ವಿದ್ಯುತ್ ಗಿಟಾರಿನಲ್ಲಿ ಈ ಕೆಲಸವನ್ನು ತಂತಿಗಳ ಕೆಳಗಿರುವ ಪಿಕಪ್ ಎಂಬ ಉಪಕರಣ ಮಾಡುತ್ತದೆ. ಇದಕ್ಕೆ ‘ಸ್ವರಗ್ರಾಹಿ’ ಎಂಬ ಹೆಸರು ಒಪ್ಪುತ್ತದೆಯಾದರೂ ಎಲ್ಲರ ಬಾಯಲ್ಲಿರುವ ಪಿಕಪ್ ಎಂಬ ಮಾತನ್ನೇ ಇಲ್ಲಿ ಉಳಿಸಿಕೊಂಡಿದ್ದೇನೆ. ಇದರ ರಚನೆ ಸರಳ. ಕೆಲವು ಆಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ತಲೆಗೂದಲಿನಷ್ಟು ತೆಳುವಾದ, ಸುಮಾರು 0.063 ಮಿಲಿಮೀಟರ್ ದಪ್ಪದ ತಾಮ್ರದ ತಂತಿಯ ಏಳೆಂಟು ಸಾವಿರ ಸುತ್ತುಗಳು. ಉಕ್ಕಿನ ತಂತಿ ಮೇಲೆ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾಗುತ್ತದೆ. ಆ ಬದಲಾವಣೆಯಿಂದ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆಯವರು ಪ್ರಕಟಪಡಿಸಿದ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವವೇ ಇದು; ಪ್ರೌಢಶಾಲೆಯ ಭೌತಶಾಸ್ತ್ರದ ಪಾಠದಲ್ಲಿ ನಾವು ಕಲಿಸುವಂಥದೇ. ಅಮೆರಿಕದಲ್ಲಿ 1930ರ ದಶಕದ ಮೊದಲ ವರ್ಷಗಳಲ್ಲಿ ಜಾರ್ಜ್ ಬೋಷಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಅವರು ಇದನ್ನು ಗಿಟಾರಿಗೆ ಅಳವಡಿಸಿದರು.

ಒಂದು ವಾದ್ಯದಲ್ಲಿ ಎರಡು ಮೂರು ಪಿಕಪ್‌ಗಳು ಏಕೆ? ವೀಣೆಯನ್ನಾಗಲಿ ಸಿತಾರನ್ನಾಗಲಿ ಕುದುರೆಯ ಸಮೀಪದಲ್ಲಿ ಮೀಟಿದರೆ ನಾದ ಚೂಪಾಗಿಯೂ, ದಂಡಿಯ ಕಡೆಗೆ ಸರಿದು ಮೀಟಿದರೆ ಮೃದುವಾಗಿಯೂ ಬರುವುದು ವಾದಕರಿಗೆ ತಿಳಿದ ವಿಷಯ. ತಂತಿಯ ಒಂದೊಂದು ಸ್ಥಳದಲ್ಲಿ ಕಂಪನದ ಸ್ವರೂಪ ಒಂದೊಂದು ಬಗೆ. ಪಿಕಪ್ ಯಾವ ಸ್ಥಳದಲ್ಲಿದೆಯೋ ಆ ಸ್ಥಳದ ಬಣ್ಣವನ್ನು ಹಿಡಿಯುತ್ತದೆ. ಹೀಗೆ ಕುದುರೆಯ ಬಳಿ ಒಂದು, ನಡುವೆ ಒಂದು, ದಂಡಿಯ ಬಳಿ ಒಂದು ಪಿಕಪ್ಪನ್ನಿಟ್ಟು, ಯಾವುದು ಕೇಳಿಸಬೇಕೆಂದು ಆರಿಸಿಕೊಳ್ಳಲು ಸ್ವಿಚ್ಚನ್ನು ಕೊಟ್ಟಿರುತ್ತಾರೆ. 1954ರಲ್ಲಿ ಫೆಂಡರ್ ಕಂಪನಿ ಹೊರತಂದ ಸ್ಟ್ರಾಟೋಕಾಸ್ಟರ್ ಎಂಬ ಮೂರು ಪಿಕಪ್‌ಗಳ ಮಾದರಿ ಇಂದು ಜಗತ್ತಿನೆಲ್ಲೆಡೆ ಅನುಕರಣೆಗೊಂಡಿದೆ; ಶಾಲೆಗಳಿಗೆ ದಾನವಾಗಿ ಬರುವ ವಾದ್ಯಗಳಲ್ಲಿ ಹೆಚ್ಚಿನವೂ ಆ ಆಕಾರದವೇ. ಅದರ ಸ್ವಿಚ್ಚಿಗೆ ಮೊದಲು ಮೂರೇ ನೆಲೆಗಳಿದ್ದವು. ವಾದಕರು ಸನ್ನೆಯನ್ನು ಎರಡು ನೆಲೆಗಳ ನಡುವೆ ಉಪಾಯದಿಂದ ನಿಲ್ಲಿಸಿ ಎರಡೆರಡು ಪಿಕಪ್‌ಗಳ ಮಿಶ್ರನಾದವನ್ನು ಪಡೆಯತೊಡಗಿದರು. ಬಳಕೆದಾರರ ಈ ಜಾಣ್ಮೆಯನ್ನು ಕಂಪನಿ ಒಪ್ಪಿಕೊಂಡು ಐದು ನೆಲೆಗಳ ಸ್ವಿಚ್ಚನ್ನು ಕೊಟ್ಟದ್ದು 1977ರಲ್ಲಿ, ಅಂದರೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಮನೆಯ ದೀಪದ ಸ್ವಿಚ್ಚು ವರ್ಷಗಟ್ಟಲೆ ಕೆಡದೆ ಕೆಲಸ ಮಾಡುತ್ತದೆ. ಗಿಟಾರಿನ ಸ್ವಿಚ್ಚು ಒಂದೆರಡು ಮಳೆಗಾಲ ಮೂಲೆಯಲ್ಲಿದ್ದರೆ ಸಾಕು, ಕೈಕೊಡುತ್ತದೆ. ಇದಕ್ಕೆ ಕಾರಣ ತಯಾರಿಕೆಯ ಅಗ್ಗತನವೊಂದೇ ಅಲ್ಲ. ದೀಪದ ಸ್ವಿಚ್ಚಿನಲ್ಲಿ ಹರಿಯುವುದು 230 ವೋಲ್ಟಿನ ವಿದ್ಯುತ್ತು. ಲೋಹದ ತುದಿಗಳ ಮೇಲೆ ಕೊಳೆಯ ಪೊರೆ ಕಟ್ಟಿಕೊಂಡರೆ ಆ ಒತ್ತಡವೇ ಪೊರೆಯನ್ನು ಸುಟ್ಟು ಭೇದಿಸಿ ಮುಂದೆ ಹೋಗುತ್ತದೆ. ಪಿಕಪ್ಪಿನಿಂದ ಬರುವುದಾದರೋ ಒಂದು ವೋಲ್ಟಿನ ಅಲ್ಪಾಂಶ ಮಾತ್ರ. ಕೊಳೆಯನ್ನು ಭೇದಿಸುವ ಬಲ ಅದಕ್ಕಿಲ್ಲ. ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೂ ಅದಕ್ಕೆ ಗೋಡೆಯಾಗುತ್ತದೆ.

ಆ ಪೊರೆಯ ಸ್ವರೂಪವನ್ನು ನಮ್ಮವರಿಗೆ ವಿವರಿಸುವುದು ಸುಲಭ. ಒಳ್ಳೆಯ ಸ್ವಿಚ್ಚುಗಳ ಸಂಪರ್ಕಬಿಂದುಗಳಿಗೆ ಬೆಳ್ಳಿಯ ಲೇಪವಿರುತ್ತದೆ. ಇಷ್ಟಲಿಂಗದ ಬೆಳ್ಳಿಯ ಕರಡಿಗೆಯನ್ನು ಕೆಲವು ತಿಂಗಳು ಉಜ್ಜದೆ ಬಿಟ್ಟರೆ ಅದರ ಮೇಲೆ ಕಂದುಗಪ್ಪು ಛಾಯೆ ಕವಿಯುತ್ತದಲ್ಲವೆ? ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯೊಡನೆ ಸೇರಿ ಆಗುವ ಬೆಳ್ಳಿಯ ಸಲ್ಫೈಡು ಅದು. ಸ್ವಿಚ್ಚಿನ ಒಳಗೂ ಅದೇ ಕಪ್ಪು. ಇದರ ಮೇಲೆ ದಕ್ಷಿಣ ಬೆಂಗಳೂರಿನ ಕಟ್ಟಡ ಕಾಮಗಾರಿಗಳ ಧೂಳು, ವಾದಕನ ಬೆರಳಿನ ಬೆವರಿನ ಉಪ್ಪು, ಮುಂಗಾರಿನಿಂದ ಹಿಂಗಾರಿನ ಕೊನೆಯವರೆಗೆ ಬಿಡದ ತೇವ ಇವೆಲ್ಲ ಸೇರುತ್ತವೆ. ಪ್ರತಿದಿನ ನುಡಿಸುವ ವಾದ್ಯದಲ್ಲಿ ಸನ್ನೆಯ ಓಡಾಟವೇ ಈ ಪೊರೆಯನ್ನು ಉಜ್ಜಿ ತೆಗೆಯುತ್ತಿರುತ್ತದೆ. ಬೀರುವಿನಲ್ಲಿ ಭದ್ರವಾಗಿ ಇಟ್ಟ ವಾದ್ಯವೇ ಬೇಗ ಕೆಡುವುದಕ್ಕೆ ಇದು ಕಾರಣ. ಕರಡಿಗೆಯ ದೃಷ್ಟಾಂತವನ್ನು ಇಲ್ಲಿಗೇ ನಿಲ್ಲಿಸಬೇಕು. ಕರಡಿಗೆಯನ್ನು ವಿಭೂತಿ ಹಾಕಿ ಉಜ್ಜುವಂತೆ ಸ್ವಿಚ್ಚನ್ನು ಉಜ್ಜಲಾಗದು. ಇಲ್ಲಿನ ಬೆಳ್ಳಿ ತೀರ ತೆಳು, ಸವೆದುಹೋದರೆ ಮರಳಿ ಬಾರದು. ಉಳಿದ ಪುಡಿಯೂ ವಿದ್ಯುತ್ತಿಗೆ ಅಡ್ಡಿಯೇ.

ದುರಸ್ತಿಗಿಂತ ಮೊದಲು ದೋಷ ನಿಜವಾಗಿ ಸ್ವಿಚ್ಚಿನಲ್ಲಿದೆಯೇ ಎಂಬುದು ನಿಶ್ಚಯವಾಗಬೇಕು. ರೋಗನಿದಾನವಿಲ್ಲದ ಚಿಕಿತ್ಸೆ ಎಷ್ಟು ಅಪಾಯಕರವೋ ಇದೂ ಅಷ್ಟೇ. ಮೊದಲಿಗೆ ಕಿವಿಯನ್ನೇ ಉಪಯೋಗಿಸಬೇಕು. ಕೇಬಲ್ಲನ್ನು ಅಲುಗಿಸಿದಾಗ ಕರಕರ ಸದ್ದು ಬಂದರೆ ದೋಷ ಕೇಬಲ್ಲಿನಲ್ಲಿ ಅಥವಾ ಅದು ಚುಚ್ಚಿಕೊಳ್ಳುವ ಜ್ಯಾಕಿನಲ್ಲಿ. ಬೇರೊಂದು ಕೇಬಲ್ ಹಾಕಿ ನೋಡಿದರೆ ಇವೆರಡರಲ್ಲಿ ಯಾವುದೆಂದು ಗೊತ್ತಾಗುತ್ತದೆ. ಗುಂಡಿ ತಿರುಗಿಸಿದಾಗ ಸದ್ದಾದರೆ ಆ ಗುಂಡಿಯ ಕೆಳಗಿನ ರೋಧಕದಲ್ಲಿ ಧೂಳು ಸೇರಿದೆ. ಸನ್ನೆಯನ್ನು ಸರಿಸುವಾಗ ಮಾತ್ರ ಸದ್ದಾಗುವುದು, ಒಂದು ನೆಲೆಯಲ್ಲಿ ಮಾತ್ರ ನಾದ ಅಡಗುವುದು, ಸನ್ನೆಯನ್ನು ಬೆರಳಿನಿಂದ ಒಂದು ಪಕ್ಕಕ್ಕೆ ಒತ್ತಿ ಹಿಡಿದರೆ ನಾದ ಮರಳುವುದು, ಇವು ಸ್ವಿಚ್ಚಿನ ಲಕ್ಷಣಗಳು. ಕಡೆಯ ಲಕ್ಷಣ ಕಂಡರಂತೂ ಸಂಶಯಕ್ಕೆ ಎಡೆಯೇ ಇಲ್ಲ.

ಯಾವ ನೆಲೆಯಲ್ಲಿ ಯಾವ ಪಿಕಪ್ ಎಚ್ಚರವಾಗಿದೆಯೆಂದು ತಿಳಿಯಲು ಧ್ವನಿಯನ್ನು ತಗ್ಗಿಸಿಟ್ಟುಕೊಂಡು, ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಪಿಕಪ್ಪಿನ ಮೇಲೆ ಹಗುರವಾಗಿ ತಟ್ಟಬೇಕು. ಎಚ್ಚರವಿರುವ ಪಿಕಪ್ ಟಕ್ ಎಂದು ಗಟ್ಟಿಯಾಗಿ ಉತ್ತರಿಸುತ್ತದೆ, ಉಳಿದವು ಮೌನವಾಗಿರುತ್ತವೆ. ಆಯಸ್ಕಾಂತ ಉಪಕರಣವನ್ನು ಸೆಳೆಯುವುದರಿಂದ ಕೈ ಹಿಡಿತದಲ್ಲಿರಲಿ. ಕೆಳಗಿನ ತಂತಿ ಎಷ್ಟು ತೆಳುವೆಂಬುದನ್ನು ಮೇಲೆ ಹೇಳಿದೆ.

ಇದಕ್ಕಿಂತ ಖಚಿತವಾದುದು ಮಲ್ಟಿಮೀಟರಿನ ಪರೀಕ್ಷೆ. ಇದರ ಸೊಗಸೆಂದರೆ ವಾದ್ಯದ ಒಂದು ತಿರುಪನ್ನೂ ಬಿಚ್ಚಬೇಕಾಗಿಲ್ಲ. ಕೇಬಲ್ಲಿನ ಒಂದು ತುದಿಯನ್ನು ಗಿಟಾರಿಗೆ ಚುಚ್ಚಿ, ಇನ್ನೊಂದು ತುದಿಯನ್ನು ಧ್ವನಿವರ್ಧಕದಿಂದ ಬಿಡಿಸಿಕೊಂಡು, ಆ ಪ್ಲಗ್ಗಿನ ಮೊನೆಗೆ ಮೀಟರಿನ ಒಂದು ಕಡ್ಡಿಯನ್ನೂ ಬುಡದ ಲೋಹಕ್ಕೆ ಇನ್ನೊಂದನ್ನೂ ತಾಗಿಸಬೇಕು. ಮೀಟರು 20 ಕಿಲೋ ಓಮ್ ಶ್ರೇಣಿಯಲ್ಲಿರಲಿ. ಗಿಟಾರಿನ ಧ್ವನಿಯ ಗುಂಡಿ ಪೂರ್ತಿ ಏರಿರಲಿ. ಆಗ ಸುರುಳಿಯ ರೋಧ ಮೀಟರಿನಲ್ಲಿ ಕಾಣುತ್ತದೆ. ಸ್ಟ್ರಾಟೋಕಾಸ್ಟರ್ ಬಗೆಯ ಒಂದು ಪಿಕಪ್ಪಿನ ರೋಧ ಸಾಮಾನ್ಯವಾಗಿ 6 ಕಿಲೋ ಓಮ್‌ನ ಆಸುಪಾಸು. ಎರಡು ಪಿಕಪ್‌ಗಳು ಸಮಾಂತರವಾಗಿ ಕೂಡಿದಾಗ, ನಾವು ಹತ್ತನೆಯ ತರಗತಿಯಲ್ಲಿ ಕಲಿಸುವ ಸೂತ್ರದಂತೆಯೇ, ರೋಧ ಅರ್ಧಕ್ಕೆ ಇಳಿದು 3 ಆಗುತ್ತದೆ. ಆದುದರಿಂದ ಸನ್ನೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೊಂದೇ ನೆಲೆ ಸರಿಸುತ್ತ ಹೋದರೆ ಮೀಟರು 6, 3, 6, 3, 6 ಎಂದು ಓದಬೇಕು. ಧ್ವನಿಯ ಗುಂಡಿಯ 250 ಕಿಲೋ ಓಮ್ ರೋಧವೂ ಜೊತೆಗಿರುವುದರಿಂದ ಅಂಕೆ ಕೊಂಚ ತಗ್ಗಿ, 6ರ ಬದಲು 5.86ರಂತೆ ಬರಬಹುದು, ಚಿಂತೆಯಿಲ್ಲ.

ಇನ್ನು ಈ ಅಂಕೆಗಳನ್ನು ಓದುವ ಬಗೆ. ಎರಡನೆಯ ನೆಲೆಯಲ್ಲಿ 3ರ ಬದಲು 6 ಬಂತೆನ್ನಿ. ಕೂಡಬೇಕಾದ ಎರಡರಲ್ಲಿ ಒಂದು ಕೂಡುತ್ತಿಲ್ಲವೆಂದು ಅರ್ಥ. ಮೊದಲ ಮತ್ತು ಮೂರನೆಯ ನೆಲೆಗಳಲ್ಲಿ 6 ಸರಿಯಾಗಿ ಬರುತ್ತಿದ್ದರೆ ಪಿಕಪ್‌ಗಳೆರಡೂ ಆರೋಗ್ಯವಾಗಿವೆ, ದೋಷ ಸ್ವಿಚ್ಚಿನದೇ. ಅಂಕೆ ನಿಲ್ಲದೆ ಏರಿಳಿಯುತ್ತ ಕುಣಿದರೆ ಕೊಳೆ. ಒಂದು ನೆಲೆಯಲ್ಲಿ 250ರ ಸಮೀಪದ ರೋಧ ಕಂಡರೆ, 20ರ ಶ್ರೇಣಿಯಲ್ಲಿ ಮೀಟರು ಓದಲಾರದೆ ಮಿತಿಮೀರಿದೆಯೆಂದು ತೋರಿಸಿದರೆ, ಆ ನೆಲೆಯಲ್ಲಿ ಯಾವ ಪಿಕಪ್ಪೂ ಸೇರುತ್ತಿಲ್ಲ. ಸೊನ್ನೆ ಬಂದರೆ ಎಲ್ಲಿಯೋ ಬಿಸಿತಂತಿ ನೆಲತಂತಿಗೆ ತಾಗಿಕೊಂಡಿದೆ; ಎಲ್ಲ ನೆಲೆಗಳಲ್ಲೂ ಸೊನ್ನೆಯಾದರೆ ಮೊದಲು ಜ್ಯಾಕನ್ನು ಶಂಕಿಸಬೇಕು. ಎರಡು ಸುರುಳಿಗಳ ದಪ್ಪ ಪಿಕಪ್ಪುಳ್ಳ ಬೇರೆ ಜಾತಿಯ ಗಿಟಾರಾದರೆ ಅಂಕೆ 8ರ ಹತ್ತಿರ, ನಡುನೆಲೆಯಲ್ಲಿ 4ರ ಹತ್ತಿರ ಇರುತ್ತದೆ. ಅಂಕೆಗಿಂತ ಅಂಕೆಗಳ ಪರಸ್ಪರ ಸಂಬಂಧ ಮುಖ್ಯ. ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಹೆಸರಾದ ಎಸ್.ಪಿ. ರಸ್ತೆ ಇರುವ ನಗರದಲ್ಲಿ ಒಂದು ಸಾಧಾರಣ ಮೀಟರನ್ನು ಹೊಂದುವುದು ಯಾವ ಶಾಲೆಗೂ ಭಾರವಾಗದು. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಅದು ಈಗಾಗಲೇ ಇದ್ದೇ ಇರುತ್ತದೆ, ಸಂಗೀತ ಕೊಠಡಿಯವರು ಕೇಳಿ ಪಡೆಯಬೇಕು, ಅಷ್ಟೆ.

ದೋಷ ಸ್ವಿಚ್ಚಿನದೆಂದು ನಿಶ್ಚಯವಾದ ಮೇಲೆ ವಾದ್ಯವನ್ನು ತೆರೆಯಬಹುದು. ಗಿಟಾರನ್ನು ಧ್ವನಿವರ್ಧಕದಿಂದ ಬಿಡಿಸಿ, ತಂತಿಗಳನ್ನು ಸಡಿಲಿಸಿ, ಮುಂಭಾಗದ ಪ್ಲಾಸ್ಟಿಕ್ ಫಲಕದ ತಿರುಪುಗಳನ್ನು, ಸಾಮಾನ್ಯವಾಗಿ ಹನ್ನೊಂದಿರುತ್ತವೆ, ಬಿಚ್ಚಿ ಬಟ್ಟಲೊಂದರಲ್ಲಿ ಇಡಬೇಕು. ಫಲಕವನ್ನು ಪುಸ್ತಕದ ಹಾಳೆಯಂತೆ ಮಗುಚಿದರೆ ಪಿಕಪ್‌ಗಳು, ಗುಂಡಿಗಳು, ಸ್ವಿಚ್ಚು ಎಲ್ಲವೂ ಅದರ ಬೆನ್ನಿನಲ್ಲೇ ಕಾಣುತ್ತವೆ. ಏನನ್ನೂ ಮುಟ್ಟುವ ಮೊದಲು ಕೈಫೋನಿನಲ್ಲಿ ಎರಡು ಮೂರು ಕೋನಗಳಿಂದ ಚಿತ್ರ ತೆಗೆದಿಡಬೇಕು. ಇಲ್ಲಿರುವ ವಿದ್ಯುತ್ತು ನಿರಪಾಯಕರ. ಧ್ವನಿವರ್ಧಕದ ಪೆಟ್ಟಿಗೆಯ ಒಳಗಿನದು ಹಾಗಲ್ಲ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಪ್ರಾಣಾಂತಿಕ ವಿದ್ಯುತ್ತು ಉಳಿದಿರುವುದುಂಟು. ಅದನ್ನು ಶಿಕ್ಷಕರಾಗಲಿ ವಿದ್ಯಾರ್ಥಿಗಳಾಗಲಿ ಎಂದೂ ತೆರೆಯಕೂಡದು. ನುಡಿಸುವಾಗ ತಂತಿ ಮುಟ್ಟಿದರೆ ಜುಮ್ಮೆನ್ನುವುದಾದರೆ ಅದು ಸ್ವಿಚ್ಚಿನ ದೋಷವಲ್ಲ, ಭೂಸಂಪರ್ಕದ ದೋಷ. ಆ ಕ್ಷಣವೇ ನುಡಿಸುವುದನ್ನು ನಿಲ್ಲಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಯಬೇಕು.

ಸನ್ನೆಯ ಸ್ವಿಚ್ಚುಗಳಲ್ಲಿ ಎರಡು ಜಾತಿ. ಮೊದಲನೆಯದು ಬಯಲು ಬಗೆಯದು: ಕಂದು ಫಲಕದ ಮೇಲೆ ಲೋಹದ ಪುಟ್ಟ ನಾಲಗೆಗಳು, ಅವುಗಳ ನಡುವೆ ಓಡಾಡುವ ಲೋಹದ ತಗಡು, ನೆಲೆಗಳಲ್ಲಿ ತಡೆದು ನಿಲ್ಲಿಸುವ ಒಂದು ಸ್ಪ್ರಿಂಗು, ಎಲ್ಲವೂ ಕಣ್ಣಿಗೆ ಕಾಣುತ್ತವೆ. ಎರಡನೆಯದು ಪೆಟ್ಟಿಗೆ ಬಗೆಯದು, ಅಗ್ಗದ ವಾದ್ಯಗಳಲ್ಲಿ ಇದೇ ಹೆಚ್ಚು, ಒಳಗನ್ನು ಕಾಣಲಾಗದು.

ಬಯಲು ಸ್ವಿಚ್ಚನ್ನು ಶುಚಿಗೊಳಿಸುವ ಕ್ರಮ ಹೀಗೆ. ಗಟ್ಟಿಯಾದ ಬಿಳಿಯ ಬಾಂಡ್ ಕಾಗದವನ್ನು ಬೆಂಕಿಕಡ್ಡಿಯಗಲಕ್ಕೆ ಕತ್ತರಿಸಿ, ಅದರ ತುದಿಯನ್ನು ಐಸೊಪ್ರೊಪೈಲ್ ಮದ್ಯಸಾರದಲ್ಲಿ ನೆನೆಸಿ, ನಾಲಗೆಗೂ ತಗಡಿಗೂ ನಡುವೆ ತೂರಿಸಿ ಮೆಲ್ಲನೆ ಎಳೆಯಬೇಕು. ಕಾಗದದ ಮೇಲೆ ಕಪ್ಪು ಗೆರೆ ಬೀಳುತ್ತದೆ. ಗೆರೆ ಬೀಳುವುದು ನಿಲ್ಲುವವರೆಗೆ ಹೊಸ ಹೊಸ ಚೂರುಗಳಿಂದ ಇದನ್ನೇ ಮುಂದುವರಿಸಬೇಕು. ಕಾಗದದ ಸಹಜವಾದ ಒರಟುತನವೇ ಇಲ್ಲಿಗೆ ಸಾಕಾಗುವ ಉಜ್ಜುಗ. ಉಪ್ಪುಕಾಗದ, ಚಾಕುವಿನ ಮೊನೆ ಇವು ಬೆಳ್ಳಿಯ ಲೇಪವನ್ನೇ ಕೆರೆದುಹಾಕುತ್ತವೆ. ಆಮೇಲೆ ಹಿತ್ತಾಳೆಯೇ ಬಯಲಾಗಿ ಸ್ವಿಚ್ಚು ಮೊದಲಿಗಿಂತ ಬೇಗ ಮಾಸುತ್ತದೆ. ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ ಬಿಡುವವರನ್ನೂ ಕಂಡಿದ್ದೇನೆ. ಎರಡು ದಿನ ಗುಣ ಕಂಡಂತಾಗಿ, ಮೂರನೆಯ ದಿನದಿಂದ ಎಣ್ಣೆ ಧೂಳನ್ನು ಹಿಡಿದು ಅಂಟಾಗುತ್ತದೆ. ಶುಚಿಗೊಳಿಸಿದ ಮೇಲೂ ಸಂಪರ್ಕ ಸಡಿಲವೆನಿಸಿದರೆ ನಾಲಗೆಗಳನ್ನು ಚಿಮ್ಮಟದಿಂದ ಕೂದಲೆಳೆಯಷ್ಟು ಒಳಕ್ಕೆ ಬಾಗಿಸಬಹುದು. ಹೆಚ್ಚು ಬಾಗಿಸಿದರೆ ಸನ್ನೆ ಬಿಗಿಯಾಗುತ್ತದೆ, ನಾಲಗೆ ಮುರಿಯಲೂಬಹುದು.

ಪೆಟ್ಟಿಗೆ ಬಗೆಯ ಸ್ವಿಚ್ಚಿಗೆ ಕಾಗದ ತೂರದು. ಎಲೆಕ್ಟ್ರಾನಿಕ್ ಸಂಪರ್ಕಗಳಿಗೆಂದೇ ಸಿಗುವ ಶುಚಿದ್ರವವನ್ನು ಸನ್ನೆಯ ಸಂದಿಯಲ್ಲಿ ಒಮ್ಮೆ ಚಿಮುಕಿಸಿ, ಸನ್ನೆಯನ್ನು ಮೂವತ್ತು ನಲವತ್ತು ಬಾರಿ ಕೊನೆಯಿಂದ ಕೊನೆಗೆ ಓಡಿಸಿ, ಚೆನ್ನಾಗಿ ಒಣಗಲು ಬಿಟ್ಟು ಮತ್ತೆ ಮೀಟರಿನಲ್ಲಿ ಪರೀಕ್ಷಿಸಬೇಕು. ಎರಡು ಬಾರಿ ಹೀಗೆ ಮಾಡಿಯೂ ಅಂಕೆಗಳು ಸರಿಬಾರದಿದ್ದರೆ ಆ ಸ್ವಿಚ್ಚಿನ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು.

ಎರಡು ಪಿಕಪ್‌ಗಳ ಗಿಟಾರುಗಳಲ್ಲಿ ಗುಬಟಿನಂಥ ತುದಿಯ, ಮೂರು ನೆಲೆಗಳ ಟಾಗಲ್ ಸ್ವಿಚ್ಚಿರುವುದು ರೂಢಿ. ಅದರ ಒಳಗೆ ಉದ್ದವಾದ ಲೋಹದ ಗರಿಗಳಿರುತ್ತವೆ. ಕಡ್ಡಿ ಒಂದು ಪಕ್ಕಕ್ಕೆ ಬಾಗಿದಾಗ ಒಂದು ಗರಿ ದೂರ ಸರಿದು ಒಂದು ಪಿಕಪ್ ಬಿಟ್ಟುಹೋಗುತ್ತದೆ. ನಡುವೆ ನಿಂತಾಗ ಎರಡೂ ಕೂಡಿರುತ್ತವೆ. ವರ್ಷಗಳ ಒತ್ತಡದಿಂದ ಗರಿ ತನ್ನ ಚಿಮ್ಮುಗುಣವನ್ನು ಕಳೆದುಕೊಳ್ಳುವುದು ಇದರ ಸಾಮಾನ್ಯ ರೋಗ. ಚಿಕಿತ್ಸೆ ಮೇಲಿನಂತೆಯೇ: ಕಾಗದ, ಮದ್ಯಸಾರ, ಚಿಮ್ಮಟದ ಮೃದುವಾದ ಬಾಗು.

ಬದಲಿ ಸ್ವಿಚ್ಚನ್ನೇ ಹಾಕಬೇಕಾಗಿ ಬಂದರೆ ಅದರ ಬೆಲೆ ಸಾಮಾನ್ಯವಾಗಿ ಕೆಲವು ನೂರು ರೂಪಾಯಿಗಳನ್ನು ಮೀರದು. ಕೊಳ್ಳುವಾಗ ಹಳೆಯದನ್ನು ಅಥವಾ ಅದರ ಚಿತ್ರವನ್ನು ಅಳತೆಯೊಡನೆ ಕೊಂಡೊಯ್ಯಬೇಕು. ತಿರುಪುಗಳ ಅಂತರ, ಸನ್ನೆಯ ಉದ್ದ, ಮರದ ಕುಳಿಯ ಆಳ ಇವು ಹೊಂದದಿದ್ದರೆ ಎಷ್ಟು ಒಳ್ಳೆಯ ಸ್ವಿಚ್ಚೂ ಪ್ರಯೋಜನಕ್ಕೆ ಬಾರದು. ನಾಲಗೆಗಳ ಕ್ರಮವೂ ತಯಾರಕರಿಂದ ತಯಾರಕರಿಗೆ ವ್ಯತ್ಯಾಸವಾಗುತ್ತದೆ. ಹಳೆಯದರಲ್ಲಿ ಮೂರನೆಯ ನಾಲಗೆಗಿದ್ದ ವೈರನ್ನು ಹೊಸದರ ಮೂರನೆಯ ನಾಲಗೆಗೆ ಕಣ್ಣುಮುಚ್ಚಿ ಜೋಡಿಸುವುದು ಸರಿಯಲ್ಲ. ಮೀಟರಿನ ಒಂದು ಕಡ್ಡಿಯನ್ನು ಒಂದು ನಾಲಗೆಗೆ ಹಿಡಿದು, ಇನ್ನೊಂದನ್ನು ಉಳಿದವುಗಳಿಗೆ ತಾಗಿಸುತ್ತ ಸನ್ನೆಯನ್ನು ಸರಿಸಿದರೆ, ಐದು ನೆಲೆಗಳಲ್ಲೂ ಯಾವುದಾದರೊಂದರ ಜೊತೆ ಸೇರಿಯೇ ಇರುವ ನಾಲಗೆಯೊಂದು ಸಿಗುತ್ತದೆ. ಅದೇ ಸಾಮಾನ್ಯ ನಾಲಗೆ. ಧ್ವನಿಯ ಗುಂಡಿಗೆ ಹೋಗುವ ವೈರು ಅಲ್ಲಿಗೆ. ಉಳಿದ ಮೂರಕ್ಕೆ ಮೂರು ಪಿಕಪ್‌ಗಳು. ಸ್ವಿಚ್ಚಿನ ಇನ್ನೊಂದು ಪಾರ್ಶ್ವದಲ್ಲಿ ಇದೇ ವ್ಯವಸ್ಥೆಯ ಎರಡನೆಯ ಪ್ರತಿಯಿದ್ದು, ಅದು ನಾದದ ಬಣ್ಣ ಬದಲಿಸುವ ಗುಂಡಿಗಳಿಗೆ ಮೀಸಲು.

ಬೆಸುಗೆಗೆ 25ರಿಂದ 30 ವಾಟ್ ಶಕ್ತಿಯ ಕಡ್ಡಿ ಸಾಕು. ತವರ 60, ಸೀಸ 40 ಪಾಲಿನ ಬೆಸುಗೆ ತಂತಿ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುತ್ತದೆ. ಕಡ್ಡಿಯನ್ನು ನಾಲಗೆಯ ಮೇಲೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಿದರೆ ಪ್ಲಾಸ್ಟಿಕ್ ಮೆತ್ತಗಾಗಿ ನಾಲಗೆ ಓರೆಯಾಗುತ್ತದೆ. ಅಲ್ಲಿಗೆ ಹೊಸ ಸ್ವಿಚ್ಚೂ ಹಳೆಯದರ ಹಾದಿ ಹಿಡಿಯಿತು. ನಾಲಗೆಯನ್ನೂ ವೈರನ್ನೂ ಮೊದಲೇ ಬೇರೆಬೇರೆಯಾಗಿ ಬೆಸುಗೆಯಿಂದ ಲೇಪಿಸಿಕೊಂಡು ಬಳಿಕ ಕೂಡಿಸುವುದು ಜಾಣತನ. ಸರಿಯಾದ ಬೆಸುಗೆ ಹೊಳೆಯುತ್ತದೆ. ಬೂದಿಬಣ್ಣಕ್ಕೆ ತಿರುಗಿ ಉಂಡೆಗಟ್ಟಿದ್ದರೆ ಮತ್ತೊಮ್ಮೆ ಕಾಯಿಸಬೇಕು. ಸೀಸ ವಿಷವಾದ್ದರಿಂದ ಕಿಟಕಿ ತೆರೆದಿರಲಿ, ಕೆಲಸವಾದ ಮೇಲೆ ಕೈ ತೊಳೆಯದೆ ಯಾರೂ ಪ್ರಸಾದಕ್ಕೆ ಕೂರದಿರಲಿ. ಪ್ರೌಢಶಾಲೆಯ ಮೇಲಿನ ತರಗತಿಯ ಮಕ್ಕಳು ಶಿಕ್ಷಕರ ಎದುರಿನಲ್ಲಿ ಈ ಕೆಲಸವನ್ನು ಚೆನ್ನಾಗಿಯೇ ಮಾಡಬಲ್ಲರು. ಸುರುಳಿಯೇ ಕಡಿದುಹೋದ ಪಿಕಪ್ಪನ್ನು ಮರಳಿ ಸುತ್ತುವುದು ಮಾತ್ರ ಶಾಲೆಯ ಮಟ್ಟದ ಕೆಲಸವಲ್ಲ. ಅದನ್ನು ಬಲ್ಲವರಿಗೇ ಒಪ್ಪಿಸಬೇಕು.

ದಾನಿಗಳಲ್ಲಿ ಒಂದು ವಿನಂತಿಯಿದೆ. ವಾದ್ಯ ಕೊಡುವಾಗ ಅದರ ಕೇಬಲ್ಲನ್ನೂ ಮರೆಯದೆ ಕೊಡಿ. ಹಿಂದೆ ಬದಲಿಸಿದ ಭಾಗಗಳಿದ್ದರೆ ತಿಳಿಸಿ. ಸಂಗೀತ ಶಿಕ್ಷಕರು ವಾದ್ಯ ಬಂದ ದಿನವೇ ಐದು ನೆಲೆಗಳ ಅಂಕೆಗಳನ್ನು ಓದಿ, ದಿನಾಂಕದೊಡನೆ ಒಂದು ಚೀಟಿಯಲ್ಲಿ ಬರೆದು ಗಿಟಾರಿನ ಚೀಲದಲ್ಲಿಡಲಿ, ದಾಸ್ತಾನು ಪುಸ್ತಕದ ಷರಾ ಕಲಮಿನಲ್ಲಿಯೂ ನಮೂದಿಸಲಿ. ಬೇಸಿಗೆ ರಜೆಯಲ್ಲಿಯೂ ಮಳೆಗಾಲದಲ್ಲಿಯೂ ವಾರಕ್ಕೊಮ್ಮೆ ಯಾರಾದರೂ ಬೀರು ತೆರೆದು ಸನ್ನೆಯನ್ನು ಹತ್ತು ಸಲ ಅತ್ತಿತ್ತ ಓಡಿಸಿ ಇಟ್ಟರೆ ಸಾಕು. ಮುಂದೆ ಎಂದಾದರೂ ನಾದ ಅಡಗಿದರೆ, ಆಗ ಆ ಹುದ್ದೆಯಲ್ಲಿರುವವರು ಚೀಟಿಯ ಅಂಕೆಗಳನ್ನೂ ಮೀಟರಿನ ಅಂಕೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಎಲ್ಲಿಂದ ಕೆಲಸ ತೊಡಗಬೇಕೆಂಬುದನ್ನು ಐದು ನಿಮಿಷದಲ್ಲಿ ತಿಳಿದುಕೊಳ್ಳಬಹುದು.